ನಷ್ಟ ಬರೆದಿಡೋದು ಬಿಟ್ಟು ಕಾರಣ ಎಣಿಸಿದೆವು

ಚಿಕ್ಕಮಗಳೂರಿನ ಸಣ್ಣ ಪತ್ತಿನ ಸಹಕಾರ ಸಂಘವೊಂದರಲ್ಲಿ ನಾನು ಮ್ಯಾನೇಜರ್. ಕಾಫಿ ಕೊಯ್ಲು ಶುರುವಾದರೆ ನಮ್ಮ ಶುಕ್ರವಾರಗಳೇ ಬೇರೆ. ಶನಿವಾರ ತೋಟಗಳಲ್ಲಿ ಬಟವಾಡೆ. ಹಾಗಾಗಿ ಹಿಂದಿನ ದಿನ ಎಸ್ಟೇಟ್ ರೈಟರ್‌ಗಳೆಲ್ಲ, ಅಂದರೆ ತೋಟದ ಲೆಕ್ಕ ಬರೆಯುವವರು, ಹಣ ತೆಗೆಯಲು ಒಟ್ಟಿಗೇ ಬರುತ್ತಾರೆ.

ಅಂಥ ಒಂದು ಸಂಜೆ ಕ್ಯಾಷ್‌ನಲ್ಲಿ 10,000 ರೂಪಾಯಿ ಕಡಿಮೆ ಬಂತು. ಕ್ಯಾಷಿಯರ್ ಕೈಯಿಂದ ಕಟ್ಟಿಸಿ, ರಿಜಿಸ್ಟರಿನಲ್ಲಿ ಬರೆದು ಸುಮ್ಮನಾದೆವು. ಮೂರೇ ವಾರಕ್ಕೆ ಮತ್ತೆ ಕಡಿಮೆ. ಈ ಸಲ ಕೂತಿದ್ದವರು ಬೇರೆಯವರು. ಮೊದಲನೆಯವರ ಮುಖ ನೆನಪಾಗಿ ನನಗೆ ತುಂಬಾ ಬೇಜಾರಾಯಿತು.

ಹಳೇ ಓಚರ್ ಕಟ್ಟು ಬಿಚ್ಚಿ ನೋಡಿದೆ. ಎರಡೂ ದಿನ ತೆರೆದಿದ್ದದ್ದು ಒಂದೇ ಕೌಂಟರ್. ಮಧ್ಯಾಹ್ನದೊಳಗೆ ನೂರಕ್ಕೂ ಜಾಸ್ತಿ ಓಚರ್. ಕ್ಯಾಷಿಯರ್ ಊಟಕ್ಕೂ ಎದ್ದಿರಲಿಲ್ಲ.

ಬ್ಯಾಂಕುಗಳಿಗಾಗಿ ಮಾಡಿದ ಅಂತರರಾಷ್ಟ್ರೀಯ ನಿಯಮಾವಳಿ, 2004ರ ಬಾಸೆಲ್ 2 ಚೌಕಟ್ಟು, ಆಪರೇಷನಲ್ ರಿಸ್ಕ್‌ಗೆ (ದಿನದ ಕೆಲಸ ನಡೆಸುವಾಗ ಆಗಬಹುದಾದ ನಷ್ಟಕ್ಕೆ) ನಾಲ್ಕು ಮೂಲ ಹೇಳುತ್ತದೆ: ಕೆಲಸದ ಕ್ರಮ, ಜನ, ಸಿಸ್ಟಂ, ಹೊರಗಿನ ಘಟನೆ. ಅದು ದೊಡ್ಡ ಬ್ಯಾಂಕುಗಳಿಗೆ ಬರೆದದ್ದು, ಆದರೂ ನಮಗೆ ದಾರಿ ತೋರಿಸಿತು. ನಾವು ಜನರ ತಲೆಗೆ ಕಟ್ಟಿದ್ದ ತಪ್ಪು ಕೆಲಸದ ಕ್ರಮದಲ್ಲಿತ್ತು.

ನಷ್ಟ ಆಗುವ ಮೊದಲೇ ಎಚ್ಚರಿಸುವ ಅಂಕಿಗಳು, ಅಂದರೆ ಸೂಚಕಗಳು, ಬೇಕೆನಿಸಿತು. ಮೊದಲು ಇಪ್ಪತ್ತರ ಪಟ್ಟಿ ಮಾಡಿದ್ದೆ. ಯಾರೂ ತುಂಬಲಿಲ್ಲ. ಈಗ ಮೂರೇ ಇವೆ. ಹನ್ನೊಂದೂವರೆಗೆ ಕೌಂಟರಿನಲ್ಲಿ 60 ಓಚರ್ ದಾಟಿದರೆ ಎರಡನೇ ಕೌಂಟರ್ ತೆರೆಯಬೇಕು. ಯಾರೂ ಇಲ್ಲದಿದ್ದರೆ ನಾನೇ ಕೂರುತ್ತೇನೆ. ಮಿತಿ ದಾಟಿದಾಗ ಯಾರು ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಎಣಿಸಿ ಏನು ಪ್ರಯೋಜನ, ಅಲ್ವಾ?

ಎರಡನೆಯದು, ಅಡವಿನ ಒಡವೆ ಇರುವ ತಿಜೋರಿಯ ಎರಡೂ ಕೀ ಒಬ್ಬರ ಹತ್ತಿರವೇ ಇದ್ದ ದಿನಗಳು. ಇದಕ್ಕೆ ಮಿತಿ ಸೊನ್ನೆ. ಮೊದಲ ತಿಂಗಳೇ ನಾಲ್ಕು ದಿನ ಸಿಕ್ಕವು. ಯಾರದೋ ರಜೆ, ಯಾರ ಮನೆಯದೋ ಮದುವೆ. ಒಂದು ರೂಪಾಯಿಯೂ ಹೋಗಿರಲಿಲ್ಲ, ಅದಕ್ಕೇ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಇದೇ. ಮೂರನೆಯದು ಮಳೆಗಾಲಕ್ಕೆ: ನೆಟ್‌ವರ್ಕ್ ಹೋದಾಗ ಕೈಯಲ್ಲಿ ಬರೆದು, ಮರುದಿನ ಬೆಳಿಗ್ಗೆಗೂ ಕಂಪ್ಯೂಟರಿಗೆ ಏರಿಸದೆ ಉಳಿದ ಓಚರ್‌ಗಳು.

ಶುರುವಿನಲ್ಲಿ ಅಂಕಿಗಳು ಅನುಮಾನ ಬರುವಷ್ಟು ಚೆನ್ನಾಗಿದ್ದವು. ಕ್ಯಾಷಿಯರ್ ಒಬ್ಬರು ಕೇಳಿಯೇಬಿಟ್ಟರು: "ಸಾರ್, ನಿಜ ಬರೆದರೆ ಮತ್ತೆ ನಮ್ಮ ತಲೆಗೇ ಬರುತ್ತಲ್ವಾ?" ಆಡಳಿತ ಮಂಡಳಿಯನ್ನು ಒಪ್ಪಿಸಿ, ಮೊದಲ ಸಲ ಕ್ಯಾಷಿಯರ್ ಕೈಯಿಂದ ಕಟ್ಟಿಸಿದ್ದ 10,000 ವಾಪಸ್ ಕೊಡಿಸಿದೆ. ನಿಜವಾದ ಲೆಕ್ಕ ಬರತೊಡಗಿದ್ದು ಆಮೇಲೆಯೇ.

ಈಗ ಗುರುವಾರ ಸಂಜೆಯೇ ರೈಟರ್‌ಗಳು ಫೋನ್ ಮಾಡಿ, ಐನೂರರದು ಎಷ್ಟು, ನೂರರದು ಎಷ್ಟು ಬೇಕು ಅಂತ ಹೇಳುತ್ತಾರೆ. ಇಬ್ಬರು ಕೂತು ಎಣಿಸಿ, ಕಟ್ಟು ಕಟ್ಟಿ, ಹೆಸರು ಬರೆದಿಟ್ಟೇ ಮನೆಗೆ ಹೋಗುತ್ತೇವೆ.