ಪೆನ್ಸಿಲ್ ಸೆಲ್ ಇಲ್ಲದಿದ್ದರೆ
ಮೊನ್ನೆ ರಾತ್ರಿ ಗೋಡೆ ಗಡಿಯಾರ ನಿಂತಿತು. ಮನೆಯಲ್ಲಿ ಎಎ ಸೆಲ್ (ಪೆನ್ಸಿಲ್ ಸೆಲ್) ಇರಲಿಲ್ಲ, ರಿಮೋಟಿನ ಎಎಎ ಮಾತ್ರ ಇತ್ತು. ಎರಡೂ 1.5 ವೋಲ್ಟ್. ಎಎಎ ಸುಮಾರು 6 ಮಿಲಿಮೀಟರ್ ಗಿಡ್ಡ, ಸ್ವಲ್ಪ ತೆಳು, ಅಷ್ಟೇ. ಸೆಲ್‌ಗೆ ಕಾಗದ ಸುತ್ತಿ ದಪ್ಪ ಮಾಡಿದೆ. ಸ್ಪ್ರಿಂಗ್ ಕಡೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಗಟ್ಟಿಯಾಗಿ ಒತ್ತಿ ತುರುಕಿದೆ. ಟಿಕ್ ಟಿಕ್ ಶುರು! ಸೆಲ್ ಬೇಗ ಖಾಲಿಯಾಗುತ್ತೆ, ಇರಲಿ.

ಫಾಯಿಲ್ ಎರಡೂ ತುದಿಗೆ ಒಟ್ಟಿಗೆ ತಾಗಬಾರದು, ತಾಗಿದರೆ ಶಾರ್ಟ್ ಆಗುತ್ತೆ. ಸ್ಪ್ರಿಂಗ್ ಮುರಿದಿದ್ದರೆ ಬಾಲ್‌ಪೆನ್ ಸ್ಪ್ರಿಂಗ್ ಕತ್ತರಿಸಿ ಹಾಕಬಹುದು. ಗಡಿಯಾರ, ರಿಮೋಟಿಗೆ ಸಾಕು. ಜಾಸ್ತಿ ಕರೆಂಟ್ ಎಳೆಯೋ ಟಾರ್ಚಿಗೆ ಬೇಡ, ಆ ತೆಳು ತಂತಿ ಬಿಸಿಯಾಗುತ್ತೆ.

ಇನ್ನೊಂದು, 14500 ಅಂತ ಬರೆದ ಲಿಥಿಯಂ ಸೆಲ್ ನೋಡೋಕೆ ಎಎ ಥರಾನೇ ಇರುತ್ತೆ. ಅದು 3.7 ವೋಲ್ಟ್! ಗಡಿಯಾರಕ್ಕೆ ಹಾಕಬೇಡಿ. ಲಿಥಿಯಂ ಸೆಲ್ ಪಕ್ಕ ಫಾಯಿಲ್ ಅಂತೂ ಬೇಡವೇ ಬೇಡ.