ನಿಂತ ಮಾಡೆಲ್ ಹಾಳೆಯಲ್ಲಿ ವಾಲಿದಂತೆ ಕಾಣ್ತಿದ್ದರೆ
ಜೆಸ್ಚರ್ ಡ್ರಾಯಿಂಗ್ (ಎದುರಿಗಿರುವವರ ಭಂಗಿಯನ್ನು ಕೆಲವೇ ಗೆರೆಗಳಲ್ಲಿ ಬೇಗ ಬಿಡಿಸುವುದು) ಕಲಿಯುತ್ತಿರುವವರು ಇದನ್ನೊಮ್ಮೆ ಮಾಡಿ ನೋಡಿ. ಮಾಡೆಲ್ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರೆ, ಮೊದಲು ಕತ್ತಿನ ಬುಡದ ಗುಳಿ ಗುರುತು ಮಾಡಿ. ಅಲ್ಲಿಂದ ನೇರ ಕೆಳಕ್ಕೆ ತೆಳುವಾಗಿ ಗೆರೆ ಎಳೆದು, ಭಾರ ಹೊತ್ತ ಪಾದವನ್ನು ಅದರ ಬುಡದಲ್ಲೇ ಇಡಿ. ಆಮೇಲೆ ಸೊಂಟಕ್ಕೊಂದು, ಭುಜಕ್ಕೊಂದು ಓರೆ ಗೆರೆ. ಭಾರ ಬಿದ್ದ ಕಡೆ ಸೊಂಟ ಮೇಲೇರುತ್ತದೆ, ಸಾಮಾನ್ಯವಾಗಿ ಅದೇ ಕಡೆಯ ಭುಜ ಇಳಿಯುತ್ತದೆ. ಬೀಳದಿರಲು ಮೈ ತಾನೇ ಮಾಡಿಕೊಳ್ಳುವ ಹೊಂದಾಣಿಕೆ ಅದು. 30 ಸೆಕೆಂಡಿನ ಭಂಗಿಗೆ ಇಷ್ಟು ಸಾಕು, ಮುಖ, ಬೆರಳು ಎಲ್ಲ ಸದ್ಯ ಬಿಡಿ. ಗೆರೆ ನೇರ ಇದೆಯಾ ಅಂತ ಅನುಮಾನವಾದರೆ ಪೆನ್ಸಿಲನ್ನು ತುದಿಯಲ್ಲಿ ಹಿಡಿದು ತೂಗುಬಿಡಿ, ಗಾರೆ ಕೆಲಸದವರು ಗುಂಡು ಬಿಟ್ಟು ನೋಡುವ ಹಾಗೆ. ಮಾಡೆಲ್ ಗೋಡೆಗೆ ಒರಗಿದ್ದರೆ, ಕೂತಿದ್ದರೆ ಇದು ನಡೆಯಲ್ಲ. ರಾಯಚೂರಿನ ಮಾರುಕಟ್ಟೆಯಾದ ಗಂಜ್‌ನಲ್ಲಿ ಚೀಲ ಹೊತ್ತ ಹಮಾಲರನ್ನು ಬಿಡಿಸುವಾಗಲೂ ಕೈ ಕೊಡುತ್ತದೆ: ಬೆನ್ನ ಮೇಲಿನ ತೂಕಕ್ಕೆ ಮೈ ಮುಂದಕ್ಕೆ ಬಾಗಿ, ಗುಳಿ ಪಾದ ದಾಟಿ ಆಚೆ ಹೋಗಿರುತ್ತದೆ. ಅಲ್ಲಿ ಚೀಲ, ಮನುಷ್ಯ ಎರಡನ್ನೂ ಸೇರಿಸಿ ಒಂದೇ ಆಕಾರ ಅಂತ ಹಿಡಿದು, ಅದರ ನಡುವಿನಿಂದ ಗೆರೆ ಇಳಿಸಿ. ಸುಮ್ನೆ ದೂರದಿಂದ ಗೀಚಬೇಡಿ, ಒಂದು ಮಾತು ಕೇಳಿಯೇ ಬಿಡಿಸಿ.