ಕೆನಡಾದ ಮೂಲನಿವಾಸಿಗಳ ಸ್ಮರಣ ಯೋಜನೆಗೆ ಅನುದಾನದ ಅರ್ಜಿ ಸಿದ್ಧಪಡಿಸುವ ಬಗೆ

ಸರ್ಕಾರದ ಹಣದಿಂದ ಹೆಚ್ಚಾಗಿ ಚರ್ಚುಗಳು ನಡೆಸುತ್ತಿದ್ದ ಕೆನಡಾದ ವಸತಿ ಶಾಲೆಗಳು ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದಲೂ ತಾಯ್ನುಡಿಯಿಂದಲೂ ದೂರಮಾಡಿದವು. ಈ ಶಾಲೆಗಳ ಇತಿಹಾಸವನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಮುಂದಿಟ್ಟ, ಕ್ರಮ ಕೈಗೊಳ್ಳುವಂತೆ ಕೋರುವ 94 ಕರೆಗಳಲ್ಲಿ ಸ್ಮರಣೆಗೆ ಸಂಬಂಧಿಸಿದವೂ ಇದ್ದು, 80ನೆಯ ಕರೆಯ ಫಲವಾಗಿ ಸೆಪ್ಟೆಂಬರ್ 30 ಅನ್ನು 2021ರಿಂದ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನವಾಗಿ ಆಚರಿಸಲಾಗುತ್ತಿದೆ. ಇಂಥ ಕಾರ್ಯಗಳಿಗೆ ಅಲ್ಲಿನ ಕೆನಡಿಯನ್ ಹೆರಿಟೇಜ್ ಇಲಾಖೆ ಧನಸಹಾಯ ನೀಡುತ್ತ ಬಂದಿದೆ.

ಅರ್ಜಿ ನಮೂನೆಯನ್ನು ತೆರೆಯುವ ಮೊದಲು ಹಿರಿಯರನ್ನೂ ಶಾಲೆಗಳಿಂದ ಬದುಕಿ ಬಂದವರನ್ನೂ ಕೂರಿಸಿಕೊಂಡು, ಏನನ್ನು ಸ್ಮರಿಸಬೇಕು, ಏನನ್ನು ಸಾರ್ವಜನಿಕವಾಗಿ ಹೇಳಬಾರದು ಎಂಬುದನ್ನು ಅವರಿಂದಲೇ ತಿಳಿಯಬೇಕು. ವಸ್ತುಸಂಗ್ರಹಾಲಯವೋ ನಗರಾಡಳಿತವೋ ಜೊತೆಗಿದ್ದರೆ, ಅಂತಿಮ ನಿರ್ಧಾರ ಸಮುದಾಯದ್ದೇ ಎಂಬ ಒಪ್ಪಿಗೆ ಪತ್ರವನ್ನು ಲಗತ್ತಿಸಿ. ಬರಿಯ ಶುಭಕೋರಿಕೆಯ ಪತ್ರ ಸಾಲದು.

ಅರ್ಜಿಯ ಸತ್ವ ಇರುವುದು ಆಯವ್ಯಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಸ್ಮಾರಕದ ಕಲ್ಲಿಗಷ್ಟೇ ಹಣ ತೋರಿಸಿ, ಹಿರಿಯರ ಗೌರವಧನ, ದೂರದ ಊರುಗಳಿಂದ ಬರುವವರ ಪ್ರಯಾಣ ಮತ್ತು ಊಟ, ಭಾಷಾಂತರ, ಹಳೆಯ ನೋವು ಮರುಕಳಿಸಿದವರಿಗೆ ಸಭೆಯಲ್ಲಿಯೇ ಒದಗಬೇಕಾದ ಆಪ್ತಸಮಾಲೋಚಕರ ನೆರವು, ಇವುಗಳನ್ನು ಮರೆತರೆ ಯೋಜನೆ ಯಾರಿಗಾಗಿ ಎಂಬ ಪ್ರಶ್ನೆ ಏಳುತ್ತದೆ. ಪ್ರತಿ ಮೊತ್ತಕ್ಕೂ ಲೆಕ್ಕದ ಆಧಾರವನ್ನು ಬರೆಯಿರಿ.

ನೆನಪುಗಳನ್ನು ಧ್ವನಿಮುದ್ರಿಸುವುದಾದರೆ ಅವುಗಳ ಒಡೆತನ, ನಿಯಂತ್ರಣ, ಬಳಕೆಯ ಅನುಮತಿ ಮತ್ತು ಸ್ವಾಧೀನ ಸಮುದಾಯದಲ್ಲಿಯೇ ಉಳಿಯುವುದೆಂದು ಸ್ಪಷ್ಟವಾಗಿ ನಮೂದಿಸಬೇಕು. ದಾಖಲೆ, ಛಾಯಾಚಿತ್ರಗಳಿಗಾಗಿ ವಿನಿಪೆಗ್‌ನ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಸತ್ಯ ಮತ್ತು ಸಾಮರಸ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಕೊನೆಯ ದಿನಾಂಕವನ್ನೂ ಅರ್ಹತೆಯನ್ನೂ ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಿ.